ಬಿಳಿ ಗೌನು, ಕೆಂಪು ಕೋಟು ಮತ್ತು ನನ್ನ ಒಂದು ಭಜನೆ

ಹೋಟೆಲು ಇಟ್ಟವನು ನಗುವನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಬೆಳಿಗ್ಗೆ ಬಾಗಿಲು ತೆರೆದು, ದೇವರ ಪಟಕ್ಕೆ ಹೂವಿಟ್ಟು, ಮೊದಲ ಇಡ್ಲಿ ಇಳಿಸಿದರೆ ಸಾಕು. ಅದು ತಾನಾಗಿ ಬಂದು ಬೆಂಚಿನ ಮೇಲೆ ಕೂತು ಒಂದು ಚಹಾ ಕೇಳುತ್ತದೆ. ಉಡುಪಿಯಿಂದ ಮಣಿಪಾಲಕ್ಕೆ ಹತ್ತುವ ರಸ್ತೆಯ ಬದಿಯಲ್ಲಿ ನನ್ನದೊಂದು ಸಣ್ಣ ಹೋಟೆಲು ಉಂಟು. ಕಾರ್ಕಳದ ಹತ್ತಿರದ ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತು, ಮತ್ತೆ ಒಲೆಯ ಮುಂದೆ ಉಳಿದದ್ದನ್ನು ಕಲಿತವನು ನಾನು. ಇಷ್ಟು ವರ್ಷದಲ್ಲಿ ನಗು ನಮ್ಮಲ್ಲಿಗೆ ಹೆಚ್ಚಾಗಿ ಬಸ್ಸಿನಲ್ಲಿಯೇ ಬಂದದ್ದು. ಈ ಸಲ ಮಾತ್ರ ಅದು ಯುರೋಪಿನಿಂದ ಬಂತು.

ದೇಶ ದೇಶಗಳ ಹಾಡು

ಮಣಿಪಾಲಕ್ಕೆ ಓದಲು ಬಂದ ಯುರೋಪಿನ ಹುಡುಗಿಯೊಬ್ಬಳು ದಿನಾ ಬೆಳಿಗ್ಗೆ ನಮ್ಮಲ್ಲಿ ಬನ್ಸ್ ತಿನ್ನುತ್ತಿದ್ದಳು. ಬಾಳೆಹಣ್ಣು ಕಲಸಿದ ಹಿಟ್ಟು ಎಣ್ಣೆಯಲ್ಲಿ ಉಬ್ಬಿ ಬರುವುದನ್ನು ನೋಡಲಿಕ್ಕೆಂದು ಅವಳು ನೇರವಾಗಿ ಅಡುಗೆಮನೆಗೇ ಹೋಗುವಳು. ಅಲ್ಲಿ ನನ್ನ ಹೆಂಡತಿಯಿಂದ ಕನ್ನಡ ಕಲಿತಳು. ಹಾಗಾಗಿ ಅವಳ ಕನ್ನಡದಲ್ಲಿ ವ್ಯಾಕರಣಕ್ಕಿಂತ ಗದರಿಕೆ ಹೆಚ್ಚು. ನಾನು ಇನ್ನೊಂದು ಬನ್ಸ್ ಹಾಕಲು ಹೋದರೆ, "ಸಾಕು ಅಂದರೆ ಗೊತ್ತಾಗುವುದಿಲ್ಲವಾ?" ಎನ್ನುವಳು. ಅದು ಬೈಗುಳ ಎಂದು ಅವಳಿಗೆ ಗೊತ್ತಿರಲಿಲ್ಲ. ಮರ್ಯಾದೆಯ ಮಾತೆಂದೇ ತಿಳಿದಿದ್ದಳು, ಯಾಕೆಂದರೆ ನನ್ನ ಹೆಂಡತಿ ನನಗೆ ಹಾಗೆಯೇ ಹೇಳುವುದು.

ಒಂದು ದಿನ ಅವಳು ನಮ್ಮ ಟಿವಿ ಯುರೋಪಿನ ಹಾಡಿನ ಸ್ಪರ್ಧೆಯನ್ನು ತೋರಿಸುತ್ತದೆಯೇ ಎಂದು ಕೇಳಿದಳು. ಅಲ್ಲಿ ವರ್ಷಕ್ಕೊಮ್ಮೆ ಪ್ರತಿ ದೇಶವೂ ಒಂದು ಹಾಡನ್ನು ಕಳಿಸುತ್ತದಂತೆ. ಎಲ್ಲ ದೇಶದ ಜನ ಟಿವಿ ಮುಂದೆ ಕೂತು ಫೋನಿನಲ್ಲಿ ಮತ ಹಾಕುತ್ತಾರಂತೆ. ಮೆಚ್ಚಿದ ಹಾಡಿಗೆ ಒಂದು ದೇಶ ಹೆಚ್ಚೆಂದರೆ ಹನ್ನೆರಡು ಅಂಕ ಕೊಡಬಹುದು. ಒಂದೇ ಒಂದು ಕಟ್ಟುನಿಟ್ಟು: ತನ್ನ ದೇಶಕ್ಕೆ ತಾನೇ ಅಂಕ ಕೊಡುವ ಹಾಗಿಲ್ಲ.

ನನಗೆ ಆ ನಿಯಮ ಬಹಳ ಹಿಡಿಸಿತು. ಎಂಥ ತೂಕದ ಜನ, ನಮ್ಮ ಸೊಸೈಟಿ ಚುನಾವಣೆಗೂ ಇದು ಬಂದರೆ ಎಷ್ಟು ಒಳ್ಳೆಯದು ಎಂದು ಕ್ಯಾಶಿನಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಹೇಳಿದೆ. ಅಡುಗೆಮನೆಯಿಂದ ಹೆಂಡತಿಯ ಸ್ವರ ಬಂತು.

"ಸ್ವಂತದವರಿಗೆ ಸ್ವಂತದವರು ಕೊಡಬಾರದು ಅಂದರೆ ಅದೆಂತ ನಿಯಮ? ಮತ್ತೆ ಮನೆಯವರು ಅಂತ ಇರುವುದು ಯಾಕೆ?"

ಅದರಲ್ಲಿ ಒಂದು ಧರ್ಮಸೂಕ್ಷ್ಮ ಉಂಟು, ನಿನಗೆ ಮುಂದೆ ಗೊತ್ತಾದೀತು ಎಂದು ನಾನು ಗಂಭೀರವಾಗಿ ಉತ್ತರಿಸಿದೆ. ಹೆಂಡತಿಗೆ ಗಂಭೀರವಾಗಿ ಹೇಳಿದ ಮಾತು ಒಂದಲ್ಲ ಒಂದು ದಿನ ಬಡ್ಡಿ ಸಮೇತ ಹಿಂದೆ ಬರುತ್ತದೆ ಎನ್ನುವುದು ಆಗ ನೆನಪಾಗಲಿಲ್ಲ.

ಗೆದ್ದವನಿಗೆ ಎಂತದೂ ಇಲ್ಲ

ನಮ್ಮ ಹೋಟೆಲಿಗೂ ಪಕ್ಕದ ಮೊಬೈಲ್ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ಅಂಗಡಿಯ ಸಾಹೇಬರು ಉದ್ಯಾವರದವರು, ಬ್ಯಾರಿಗಳು. ಬಹಳ ಕಾಲ ಕುವೈತಿನಲ್ಲಿ ದುಡಿದು ಬಂದವರು. ನಮಾಜು ತಪ್ಪಿಸಿದವರಲ್ಲ, ತೂಕ ತಪ್ಪಿ ಮಾತಾಡಿದವರಲ್ಲ. ಕೆಟ್ಟ ಚಾರ್ಜರನ್ನು ಹಿಂದೆ ತಂದವನಿಗೆ ಮರುಮಾತಿಲ್ಲದೆ ಹೊಸದು ಕೊಡುವವರು. ಅವರಿಂದ ನನಗೆ ಇದ್ದದ್ದು ಒಂದೇ ತೊಂದರೆ. ಅಂಗಡಿಯ ಎದುರು ಅವರೊಂದು ಸ್ಪೀಕರ್ ಇಟ್ಟಿದ್ದಾರೆ. "ಬನ್ನಿ ಬನ್ನಿ, ಕವರ್ ಉಂಟು, ಚಾರ್ಜರ್ ಉಂಟು, ಇಯರ್‌ಫೋನ್ ಉಂಟು" ಎಂದು ಅದು ಬೆಳಿಗ್ಗೆಯೇ ಕೂಗಲು ತೊಡಗುತ್ತದೆ. ನಾನು ಕ್ಯಾಶಿನಲ್ಲಿ ಕೂತು ದೇವರ ನಾಮ ಹೇಳಿಕೊಳ್ಳುವಾಗ ಒಂದೊಂದು ನಾಮಕ್ಕೆ ಒಂದೊಂದು ಚಾರ್ಜರ್ ಸೇರಿಕೊಳ್ಳುತ್ತದೆ.

ಅವರಿಗೂ ನನ್ನಿಂದ ಒಂದು ತೊಂದರೆ ಇತ್ತು. ಸಾಂಬಾರಿಗೆ ಒಗ್ಗರಣೆ ಹಾಕುವಾಗ ನಾನು ಹಾಡುತ್ತೇನೆ. ನಾನು ಹಾಡುವುದು ಅಲ್ಲಿ ಮಾತ್ರ. ಹಳ್ಳಿಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗಲೇ ನಮ್ಮ ಮಾಷ್ಟ್ರು ನನ್ನ ತಲೆ ಸವರಿ, "ನೀನು ಬಾಯಿ ಮಾತ್ರ ಆಡಿಸು ಮಗಾ, ದೇವರಿಗೆ ಅರ್ಥವಾಗುತ್ತದೆ" ಎಂದಿದ್ದರು. ಒಳ್ಳೆಯವರ ಮಾತು ಎಂದು ನಾನು ಅದನ್ನು ಈವರೆಗೆ ನಡೆಸಿಕೊಂಡು ಬಂದಿದ್ದೇನೆ. ನಮ್ಮ ಬೀದಿಯ ಭಜನಾ ಮಂದಿರದಲ್ಲಿ ಶನಿವಾರ ಶನಿವಾರ ಮುಂದಿನ ಸಾಲಿನಲ್ಲಿ ಕೂತು ತಾಳ ಹಾಕುವವನು ನಾನೇ. ತಾಳದಲ್ಲಿ ನನ್ನನ್ನು ಮೀರಿಸಿದವರಿಲ್ಲ. ಬಾಯಿಯೂ ಆಡುತ್ತದೆ. ಆದರೆ ಸ್ವರ ಹೊರಗೆ ಬರುವುದಿಲ್ಲ. ನಾನು ಭಾರಿ ಹಾಡುಗಾರ ಎಂದು ಮಂಡಳಿಯವರೆಲ್ಲ ನಂಬಿದ್ದರು. ಸತ್ಯ ಗೊತ್ತಿದ್ದದ್ದು ಹೆಂಡತಿಗೆ ಮತ್ತು ಗೋಡೆಯ ಆಚೆಯ ಸಾಹೇಬರಿಗೆ. ಸ್ಪೀಕರ್ ಬಗ್ಗೆ ನಾನೊಮ್ಮೆ ಹೇಳಿದ್ದಕ್ಕೆ ಅವರು ಬಹಳ ಮೆತ್ತಗೆ, "ಅದಕ್ಕೆ ಸ್ವಿಚ್ ಉಂಟು ಮಾರಾಯ್ರೆ, ನಿಮಗೆ ಎಲ್ಲಿ ಉಂಟು?" ಎಂದಿದ್ದರು.

ಹಾಡಿನ ಸ್ಪರ್ಧೆಯ ಸುದ್ದಿ ಹಬ್ಬಿದ ಮೇಲೆ ಹೋಟೆಲಿಗೆ ಬರುವ ವಿದ್ಯಾರ್ಥಿಗಳೆಲ್ಲ ಮಸಾಲೆದೋಸೆ ಪಣ ಇಟ್ಟು ಬಾಜಿ ಕಟ್ಟಲು ತೊಡಗಿದರು. ನಾವಿಬ್ಬರು ದೊಡ್ಡವರು ಚಹಾ ಕುಡಿಯುತ್ತ ನೋಡಿದೆವು. ನೋಡಿ ನೋಡಿ ನಮಗೂ ಅಂಗೈ ತುರಿಸಿತು. ಆದರೆ ಧರ್ಮರಾಯನಂಥವನೇ ಜೂಜಿನಲ್ಲಿ ಕೆಟ್ಟ ಮೇಲೆ ಇಡ್ಲಿ ಮಾರುವವನ ಪಾಡೇನು ಎಂದು ನಾನು ಹೇಳಿದೆ. ತಮ್ಮಲ್ಲಿಯೂ ಅದು ಹರಾಮ್ ಎಂದು ಸಾಹೇಬರು ಹೇಳಿದರು. ಇಬ್ಬರೂ ನಮ್ಮ ನಮ್ಮ ಧರ್ಮವನ್ನು ಮೆಚ್ಚಿಕೊಂಡು ಇನ್ನೊಂದು ಚಹಾ ಕುಡಿದೆವು.

ಆಮೇಲೆ ಸಾಹೇಬರು ನಿಧಾನವಾಗಿ ಕೇಳಿದರು. "ಜೂಜು ಅಂದರೆ ಗೆದ್ದವನಿಗೆ ಲಾಭ ಆಗುವುದು, ಅಲ್ವಾ? ಗೆದ್ದವನಿಗೆ ಎಂತದೂ ಸಿಗದಿದ್ದರೆ?"

ಎಂಥ ತಲೆ ಎಂದುಕೊಂಡೆ. ಹಾಗೆ ಒಪ್ಪಂದವಾಯಿತು. ಅವರು ಸೋತರೆ ದೀಪಾವಳಿಯವರೆಗೆ ಸ್ಪೀಕರ್ ಬಂದ್. ಅದರಿಂದ ನನಗೆ ಸಿಗುವುದು ಶಾಂತಿ, ಶಾಂತಿಯನ್ನು ಯಾರೂ ಲಾಭ ಎಂದು ಹೇಳುವುದಿಲ್ಲ. ನಾನು ಸೋತರೆ ಭಜನಾ ಮಂದಿರದಲ್ಲಿ ಎಲ್ಲರ ಎದುರು ಒಂದು ಭಜನೆಯನ್ನು ನಾನೇ ಹೇಳಿಕೊಡಬೇಕು, ಬಾಯಿ ಆಡಿಸಿ ಅಲ್ಲ, ಸ್ವರ ತೆಗೆದು.

"ಇದರಲ್ಲಿ ನಿಮಗೆ ಲಾಭ ಆಗುವುದಿಲ್ಲವಾ ಸಾಹೇಬ್ರೆ?" ಎಂದು ನಾನು ಸಂಶಯ ಎತ್ತಿದೆ.

"ನೀವು ಹಾಡುವುದನ್ನು ಕೇಳುವುದು," ಎಂದರು ಸಾಹೇಬರು, "ಯಾವ ಶಾಸ್ತ್ರದಲ್ಲಿಯೂ ಲಾಭದ ಕಡೆಗೆ ಬರಲಿಕ್ಕಿಲ್ಲ."

ಸ್ವರ ತೆಗಿ

ಇನ್ನು ಯಾವ ಹಾಡಿಗೆ ಹಿಡಿಯುವುದು? ದೇಶಗಳ ಹೆಸರು ನಮ್ಮ ನಾಲಿಗೆಗೆ ನಿಲ್ಲಲಿಲ್ಲ. ಹಾಗಾಗಿ ಹಾಡುವವರನ್ನು ಬಟ್ಟೆಯ ಬಣ್ಣದಿಂದ ಗುರುತು ಹಿಡಿದೆವು. ಹುಡುಗಿ ಫೋನಿನಲ್ಲಿ ತೋರಿಸಿದವರ ಪೈಕಿ ಹೆಚ್ಚು ಮಾತಿಗೆ ಬಂದದ್ದು ಇಬ್ಬರು. ಒಬ್ಬಳು ಬಿಳಿ ಗೌನಿನವಳು, ನಮ್ಮ ಬನ್ಸ್ ಹುಡುಗಿಯ ಸ್ವಂತ ದೇಶದವಳು. ಇನ್ನೊಬ್ಬ ಕೆಂಪು ಕೋಟಿನವ. ಸಾಹೇಬರು ಒಂದು ಕ್ಷಣವೂ ಯೋಚಿಸದೆ ಕೆಂಪಿಗೆ ಹಿಡಿದರು. ಕಾರಣ ಕೇಳಿದರೆ, ಕುವೈತಿನಲ್ಲಿ ಅವರಿಗೆ ಜ್ವರ ಬಂದಾಗ ಗಂಜಿ ಮಾಡಿಕೊಟ್ಟ ರೂಮಿನ ಜೊತೆಗಾರ ಆ ದೇಶದವನಂತೆ. ಅವನ ಊರಿನವ ಹಾಡುವಾಗ ಬೇರೆಯವರಿಗೆ ಹಿಡಿಯಲು ಮನಸ್ಸು ಬರುವುದಿಲ್ಲ ಎಂದರು. ಕುಡಿದ ಗಂಜಿಯನ್ನು ಇಷ್ಟು ಕಾಲ ನೆನಪಿಟ್ಟವರನ್ನು ನಾನು ಬೇರೆ ಕಂಡಿಲ್ಲ.

ನನಗೆ ಬುದ್ಧಿ ಹೇಳಿದವರು ನನ್ನ ಹೆಂಡತಿಯ ಸೋದರಮಾವ. ಕಾರ್ಕಳದ ಕಡೆಯವರು, ಬಿಪಿ ತೋರಿಸಲು ಮಣಿಪಾಲಕ್ಕೆ ಬಂದಾಗೆಲ್ಲ ನಮ್ಮಲ್ಲಿ ಇಳಿದು ಹೋಗುವವರು. ಒಂದು ಕಾಲದಲ್ಲಿ ಅವರಿಲ್ಲದೆ ಕೋಳಿ ಅಂಕ, ಅಂದರೆ ಹುಂಜಗಳ ಕಾಳಗ, ನಡೆಯುತ್ತಿರಲಿಲ್ಲ. ಈಗ ಕಾನೂನು ಬಿಗಿಯಾಗಿದೆ, ಮಾವನ ಕಾಲೂ ಬಿಗಿಯಾಗಿದೆ, ಹೋಗುವುದು ಬಿಟ್ಟಿದ್ದಾರೆ. ಆದರೆ ಕುಕ್ಕುಟ ಪಂಚಾಂಗ ಇನ್ನೂ ಪೂರ್ತಿ ಬಾಯಿಗೆ ಬರುತ್ತದೆ. ಯಾವ ವಾರ, ಯಾವ ನಕ್ಷತ್ರದಲ್ಲಿ ಯಾವ ಬಣ್ಣದ ಹುಂಜ ಗೆಲ್ಲುತ್ತದೆ ಎಂದು ಹೇಳುವ ಪಂಚಾಂಗ ಅದು. ಅಂಕದವರಿಗೆ ಅದೇ ವೇದ.

ಮಾವ ಕನ್ನಡಕ ಏರಿಸಿ ಹುಡುಗಿಯ ಫೋನಿಗೆ ಬಗ್ಗಿದರು. ಕೆಂಪು ಕೋಟಿನವನನ್ನು ನೋಡಿ, "ಕುತ್ತಿಗೆ ಗಟ್ಟಿ ಉಂಟು, ಆದರೆ ಸುಮ್ಮನೆ ಹಾರುತ್ತಾನೆ. ಹೀಗೆ ಹಾರುವುದು ಕೊನೆಗೆ ಉಸಿರು ಬಿಡುತ್ತದೆ" ಎಂದರು. ಬಿಳಿ ಗೌನಿನವಳನ್ನು ಕಂಡಾಗ ಅವರಿಗೆ ಒಂದು ಶಾಸ್ತ್ರದ ತೊಡಕು ಬಂತು. ಪಂಚಾಂಗ ಇರುವುದು ಹುಂಜಕ್ಕೆ, ಹೇಂಟೆಗೆ ಅಲ್ಲ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತು, ಈಗ ಪಂಚಾಯತಿನಲ್ಲಿಯೂ ಹೆಂಗಸರಿಗೆ ಅರ್ಧ ಸೀಟು ಉಂಟು, ಪಂಚಾಂಗವೂ ಒಪ್ಪಲೇಬೇಕು ಎಂದು ತೀರ್ಮಾನಿಸಿದರು.

"ಅಳಿಯ, ಫಲಿತಾಂಶ ಯಾವತ್ತು?"

ಅಲ್ಲಿ ಶನಿವಾರ ರಾತ್ರಿ, ನಮಗೆ ಭಾನುವಾರ ಬೆಳಗಿನ ಜಾವ ಎಂದು ಹುಡುಗಿ ಹೇಳಿದ್ದಳು. ನಾನು ಭಾನುವಾರ ಎಂದೆ.

"ಶನಿವಾರ ಆದರೆ ಕೆಂಪು. ಭಾನುವಾರ ಆದರೆ ಬಿಳಿಯ ಎದುರು ಯಾವುದೂ ನಿಲ್ಲುವುದಿಲ್ಲ. ಕಣ್ಣು ಮುಚ್ಚಿ ಹಿಡಿ."

ಅಷ್ಟು ಹೊತ್ತಿಗೆ ಹುಡುಗಿ, ಅಜ್ಜನಿಗೆ ಹಾಡು ಸರಿಯಾಗಿ ಕೇಳಲಿ ಎಂದು ಫೋನಿನ ಸ್ವರ ಜೋರು ಮಾಡಿದಳು. ಮಾವ ಕೈ ಅಡ್ಡ ಹಿಡಿದರು.

"ಆ ಸ್ವರ ಒಮ್ಮೆ ತೆಗಿ ಮಗಾ. ಗಲಾಟೆಯಲ್ಲಿ ಯಾರು ಗೆಲ್ಲುತ್ತಾರೆ ಅಂತ ಗೊತ್ತಾಗುವುದಿಲ್ಲ."

ಮದುವೆಮನೆಯ ಲೆಕ್ಕ

ನಾನು ಬಿಳಿಗೆ ಹಿಡಿದೆ ಎಂದಾಗ ಹುಡುಗಿಗೆ ಆದ ಸಂತೋಷ ಹೇಳಲಿಕ್ಕಿಲ್ಲ. ಅಂಕಲಿಗೆ ನನ್ನ ದೇಶದ ಸಂಗೀತ ಇಷ್ಟವಾಯಿತು ಎಂದು ಊರಿಗೆ ಫೋನು ಮಾಡಿ ತಾಯಿಗೆ ಹೇಳಿದಳು. ಹುಂಜದ ವಿಷಯವನ್ನು ನಾವು ಯಾರೂ ಎತ್ತಲಿಲ್ಲ.

ನನ್ನ ಹೆಂಡತಿ ಮಾತ್ರ ಹಾಡನ್ನೂ ಕೇಳಲಿಲ್ಲ, ಬಣ್ಣವನ್ನೂ ನೋಡಲಿಲ್ಲ. ತೆಂಗಿನಕಾಯಿ ತುರಿಯುತ್ತ ಹುಡುಗಿಯನ್ನು ಒಂದೊಂದೇ ಪ್ರಶ್ನೆ ಕೇಳಿದಳು. ನಿಮ್ಮ ದೇಶದ ಅಕ್ಕಪಕ್ಕ ಯಾರಿದ್ದಾರೆ? ಅಕ್ಕಪಕ್ಕ ಸಮುದ್ರ ಮಾತ್ರ ಎಂದು ಉತ್ತರ ಬಂತು. ನಿಮ್ಮವರು ಬೇರೆ ದೇಶದಲ್ಲಿ ಕೆಲಸಕ್ಕೆ ಇದ್ದಾರಾ? ಕಡಿಮೆ, ಎಲ್ಲರೂ ಊರಿನಲ್ಲೇ ಸುಖವಾಗಿದ್ದಾರೆ. ಆ ಕೆಂಪು ಕೋಟಿನವರ ಕಡೆಯವರು? ಅವರು ಎಲ್ಲ ದೇಶದಲ್ಲಿಯೂ ಇದ್ದಾರೆ, ಮನೆ ಕಟ್ಟುವುದು, ಅಡುಗೆ, ಲಾರಿ ಬಿಡುವುದು, ಎಲ್ಲ ಅವರೇ.

"ಹಾಗಾದರೆ ಅವನೇ," ಎಂದಳು ನನ್ನ ಹೆಂಡತಿ. "ನಮ್ಮ ಉಡುಪಿಯವರು ಊರೂರಿನಲ್ಲಿ ಹೋಟೆಲು ಇಟ್ಟ ಹಾಗೆ ಅವರು. ಎಲ್ಲಿದ್ದರೂ ಊರಿನವನಿಗೇ ಫೋನು ಒತ್ತುತ್ತಾರೆ. ಮತ್ತೆ ನೆರೆಕರೆಯವರದ್ದು ಮುಯ್ಯಿ. ಯಾರು ಯಾರ ಮದುವೆಗೆ ಹೋಗಿ ಉಡುಗೊರೆ ಕೊಟ್ಟಿದ್ದಾರೆ ಅಂತ ನೋಡಿದರೆ ಮುಗಿಯಿತು. ಇದಕ್ಕೆ ಹಾಡು ಯಾಕೆ ಬೇಕು?"

ಇದು ಕಲೆಯ ವಿಷಯ, ಮದುವೆಮನೆಯಲ್ಲ ಎಂದು ನಾನು ತಿಳಿಹೇಳಿದೆ. ಕೋಳಿಯ ಪಂಚಾಂಗ ನೋಡಿ ಬಾಜಿ ಕಟ್ಟಿದವನ ಬಾಯಲ್ಲಿ ಕಲೆಯ ಮಾತು ಕೇಳಿ ಅವಳು ಇನ್ನೊಂದು ತೆಂಗಿನಕಾಯಿ ಕೈಗೆತ್ತಿಕೊಂಡಳು. ತುರಿಯುವ ಸದ್ದು ಸ್ವಲ್ಪ ಜೋರಾಯಿತು.

ಸೂರ್ಯ ಹುಟ್ಟುವ ಮೊದಲು

ಆ ಭಾನುವಾರ ನಾನು ಎಂದಿನಂತೆ ಬೆಳಗಿನ ಜಾವಕ್ಕೆ ಎದ್ದು, ಮಿಂದು, ದೀಪ ಹಚ್ಚಿ ಹೋಟೆಲಿನ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ವಿದ್ಯಾರ್ಥಿಗಳು ತೂಕಡಿಸುತ್ತ ಕೂತಿದ್ದರು. ಸಾಹೇಬರೂ ಟೊಪ್ಪಿ ಧರಿಸಿ, ಮಸೀದಿಗೆ ಹೋಗುವ ದಾರಿಯಲ್ಲಿ ಬಂದಿದ್ದರು. ಹುಡುಗಿ ತನ್ನ ಫೋನನ್ನು ನಮ್ಮ ಟಿವಿಗೆ ಜೋಡಿಸಿದಳು. ಅಲ್ಲಿ ಹಾಡೆಲ್ಲ ಮುಗಿದು ಅಂಕ ಹೇಳುವುದು ನಡೆಯುತ್ತಿತ್ತು.

ಒಂದೊಂದು ದೇಶದವರು ಬಂದು ನಗುತ್ತ ತಮ್ಮ ತೀರ್ಪುಗಾರರ ಅಂಕ ಹೇಳಿದರು. ಮೊದಲು ಬಿಳಿಯೇ ಮುಂದಿತ್ತು. ನಾನು ಕಣ್ಣು ಮುಚ್ಚಿ ದೀಪಾವಳಿಯವರೆಗಿನ ನಿಶ್ಶಬ್ದವನ್ನು ಅನುಭವಿಸತೊಡಗಿದೆ. ಆಮೇಲೆ ಜನರ ಫೋನಿನ ಮತ ಬಂತು. ಕೆಂಪು, ಕೆಂಪು, ಮತ್ತೆ ಕೆಂಪು. ಮದುವೆಮನೆಯ ಮುಯ್ಯಿ ಒಂದೇ ಸಲಕ್ಕೆ ಬಂದು ಬಿದ್ದ ಹಾಗೆ. ಕೆಂಪು ಕೋಟಿನವ ಗೆದ್ದು ಅಳುತ್ತ ಹಾರಿದ. ಅವನು ಕೊನೆಯವರೆಗೂ ಉಸಿರು ಬಿಡಲಿಲ್ಲ.

ಆ ಹುಡುಗಿಯನ್ನು ನಾನು ಮೆಚ್ಚಿದ್ದು ಆಗ. ತನ್ನ ದೇಶ ಸೋತರೂ ಎದ್ದು ನಿಂತು ಕೆಂಪಿನವನಿಗೆ ಚಪ್ಪಾಳೆ ಹೊಡೆದಳು. ಸಾಹೇಬರೂ ಹಾಗೆಯೇ, ನಗಲಿಲ್ಲ, ಹಂಗಿಸಲಿಲ್ಲ. ಮಸೀದಿಯ ಬಾಂಗ್ ಕೇಳಿದ ಕೂಡಲೇ ಎದ್ದರು. ಬಾಗಿಲಿನವರೆಗೆ ಹೋಗಿ ತಿರುಗಿ ನಿಂತು ಒಂದೇ ಮಾತು ಕೇಳಿದರು: "ಶನಿವಾರ ಭಜನೆ ಎಷ್ಟು ಗಂಟೆಗೆ?"

ಬಿಸಿಲೇರುವ ಹೊತ್ತಿಗೆ ಕಾರ್ಕಳದ ಬಸ್ಸಿನಿಂದ ಮಾವ ಇಳಿದರು. ನಾನು ಮುಖ ಗಂಟಿಕ್ಕಿಕೊಂಡು, ನಿಮ್ಮ ಪಂಚಾಂಗ ನನ್ನ ಮರ್ಯಾದೆ ತೆಗೆಯಿತು ಎಂದೆ. ಮಾವ ಕೊಡೆ ಮಡಚಿ, ಬೆಂಚಿನ ಮೇಲೆ ಕೂತು, ನೀರು ಕುಡಿದು ನಿಧಾನವಾಗಿ ವಿಚಾರಣೆ ತೊಡಗಿದರು.

"ಫಲಿತಾಂಶ ಬರುವಾಗ ಸೂರ್ಯ ಹುಟ್ಟಿದ್ದನಾ?"

"ಇಲ್ಲ. ಕತ್ತಲೆ ಇತ್ತು."

"ಸೂರ್ಯ ಹುಟ್ಟದೆ ಭಾನುವಾರ ಹೇಗೆ ಆಯಿತು ಅಳಿಯ? ಅದು ಶನಿವಾರ. ಶನಿವಾರ ಆದರೆ ಕೆಂಪು ಅಂತ ನಾನು ಹೇಳಿದ್ದೆನಲ್ಲ."

ಏಕಾದಶಿ ಇವತ್ತೋ ನಾಳೆಯೋ ಎಂದು ಸಂಶಯ ಬಂದಾಗ ಈ ಬೀದಿಯ ಜನ ಬರುವುದೇ ನನ್ನಲ್ಲಿಗೆ. ದಿನ ತೊಡಗುವುದು ಮಧ್ಯರಾತ್ರಿಗಲ್ಲ, ಸೂರ್ಯೋದಯಕ್ಕೆ, ಫೋನು ನೋಡಿ ಉಪವಾಸ ಮಾಡಬೇಡಿ ಎಂದು ಎಲ್ಲರಿಗೂ ಉಪದೇಶ ಮಾಡುವವನು ನಾನು. ದೇವರ ಕೆಲಸಕ್ಕೆ ಸೂರ್ಯನನ್ನು ನೋಡಿದವನು ಬಾಜಿ ಕಟ್ಟುವಾಗ ಫೋನು ನೋಡಿದೆ. ಪಂಚಾಂಗ ಸೋಲಲಿಲ್ಲ, ಮಾವನೂ ಸೋಲಲಿಲ್ಲ. ಸೋತದ್ದು ನಾನೊಬ್ಬನೇ. ಅದೂ, ಮಾವನ ಲೆಕ್ಕದಂತೆ, ಹಿಂದಿನ ದಿನವೇ.

ಕಾಪುವಿನ ಸ್ವೆಟರ್

ನಾನು ಮಂದಿರದಲ್ಲಿ ಹಾಡುವ ಸುದ್ದಿಯನ್ನು ಬಸ್ಸಿನ ಕಂಡಕ್ಟರೊಬ್ಬ ಎತ್ತಿಕೊಂಡ. ನಮ್ಮ ಕಡೆಯ ಖಾಸಗಿ ಬಸ್ಸಿನ ವೇಗ ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಗುರುವಾರ ನಾನೂ ಹೆಂಡತಿಯೂ ಕಾಪುವಿನಲ್ಲಿರುವ ಮಗಳ ಮನೆಗೆ ಹೋದರೆ ಅಂಗಳದಲ್ಲಿಯೇ ಬೀಗರು ಶಾಲು ಹಿಡಿದು ನಿಂತಿದ್ದರು. ಬಹಳ ಮರ್ಯಾದೆಯ ಮನುಷ್ಯ. ನನಗೆ ಶಾಲು ಹೊದಿಸಿ, ಅಮ್ಮನ ಗುಡಿಯ ಪ್ರಸಾದ ಕೊಟ್ಟು, ಕಣ್ಣಲ್ಲಿ ನೀರು ತಂದುಕೊಂಡರು.

"ನಮ್ಮ ಸಂಬಂಧಿಕರಲ್ಲಿ ಹಾಡಲಿಕ್ಕೆ ಯುರೋಪಿಗೆ ಹೋಗುವವರು ನೀವೇ ಮೊದಲು ಭಾವ."

ಅಷ್ಟು ಹೇಳಿ ಒಳಗಿನಿಂದ ಒಂದು ದಪ್ಪ ಉಣ್ಣೆಯ ಸ್ವೆಟರ್ ತಂದರು. ಅಲ್ಲಿ ಚಳಿ ಬಹಳವಂತೆ, ಗಂಟಲು ಕೆಡಬಾರದು ಎಂದು ತಾವೇ ಉಡುಪಿಗೆ ಹೋಗಿ ಹುಡುಕಿ ತಂದದ್ದಂತೆ. ಮೇ ತಿಂಗಳ ಸೆಕೆಯಲ್ಲಿ ಸ್ವೆಟರ್ ಕೇಳಿದ್ದಕ್ಕೆ ಅಂಗಡಿಯವನು ಅವರ ಮುಖ ನೋಡಿದ್ದನಂತೆ. ಯುರೋಪಿಗಲ್ಲ, ನಮ್ಮ ಬೀದಿಯ ಮಂದಿರಕ್ಕೆ ಎಂದು ನಾನು ತಲೆ ತಗ್ಗಿಸಿ ಹೇಳಬೇಕಾಯಿತು. ಬೀಗರು ಸ್ವೆಟರನ್ನೂ ನನ್ನನ್ನೂ ಒಮ್ಮೆ ನೋಡಿದರು. ಆದರೆ ಕೊಟ್ಟದ್ದನ್ನು ಹಿಂದೆ ತೆಗೆದುಕೊಳ್ಳುವ ಕುಲ ಅವರದ್ದಲ್ಲ.

"ಒಳ್ಳೆಯದೇ ಆಯಿತು. ಯುರೋಪಿಗಾದರೆ ನಮಗೆ ಬರಲಿಕ್ಕೆ ಆಗುತ್ತಿರಲಿಲ್ಲ. ಮಂದಿರಕ್ಕಾದರೆ ಇಡೀ ಮನೆಯೇ ಬರುತ್ತೇವೆ."

ಹಿಂದೆ ಬರುವಾಗ ಬಸ್ಸಿನಲ್ಲಿ ಮಡಿಲ ಮೇಲೆ ಆ ಸ್ವೆಟರ್ ಇಟ್ಟುಕೊಂಡು ನಾನು ಚಿಂತೆಯಲ್ಲಿ ಕೂತಿದ್ದೆ. ಬೀಗರ ಎದುರು, ಮಗಳ ಎದುರು, ಮಂಡಳಿಯವರ ಎದುರು ಇಷ್ಟು ವರ್ಷದ ಮಾನ ಒಂದು ಭಜನೆಯಲ್ಲಿ ಹೋಗಲಿಕ್ಕುಂಟು. ಇದನ್ನು ಏನು ಮಾಡುವುದು ಎಂದು ಹೆಂಡತಿಯನ್ನು ಕೇಳಿದೆ.

"ಶನಿವಾರ ಹಾಕಿಕೊಳ್ಳಿ," ಎಂದಳು. "ನಡುಗುವಾಗ ಬೇಕಾದೀತು."

ಬಿಳಿಯೂ ಅಲ್ಲ, ಕರಿಯೂ ಅಲ್ಲ

ನಮ್ಮ ಮಂದಿರದಲ್ಲಿ ಹಾರ್ಮೋನಿಯಂ ನುಡಿಸುವವರು ಬಾಗಲಕೋಟೆ ಕಡೆಯ ಗಾರೆ ಮೇಸ್ತ್ರಿ. ಹಗಲೆಲ್ಲ ಕಟ್ಟಡದ ಕೆಲಸ ಮಾಡಿ, ಸಂಜೆ ಕೈ ತೊಳೆದು ಹಾರ್ಮೋನಿಯಂ ಮುಟ್ಟಿದರೆ ಕೇಳಿದವರಿಗೆ ಬೆಳಗಾದ ಹಾಗೆ ಅನ್ನಿಸಬೇಕು, ಅಂಥ ಕೈ. ಅವರ ಊರಿನಲ್ಲಿ ಭಜನೆ ಎಂದರೆ ಬೆಳತನಕ ನಡೆಯುವುದಂತೆ. ನನ್ನ ಸಂಕಟ ತಿಳಿದು, ಶುಕ್ರವಾರ ಮಧ್ಯಾಹ್ನದ ಊಟದ ಗಡಿಬಿಡಿ ಮುಗಿದ ಮೇಲೆ ತಾವಾಗಿಯೇ ಪೆಟ್ಟಿಗೆ ಹೊತ್ತು ಹೋಟೆಲಿಗೆ ಬಂದರು.

ಹೆದರಬೇಡಿ, ನೀವು ಹೇಗೆ ಹಾಡಿದರೂ ಅದಕ್ಕೆ ಸರಿಯಾದ ಮನೆ, ಅಂದರೆ ಹಾರ್ಮೋನಿಯಂ ಕೀಲಿ, ಹಿಡಿದು ನುಡಿಸುತ್ತೇನೆ ಎಂದು ಧೈರ್ಯ ಹೇಳಿದರು. ನಾನು ಕೃಷ್ಣನ ಒಂದು ಸಣ್ಣ ಪದ ಎತ್ತಿದೆ. ಮೇಸ್ತ್ರಿಯ ಬೆರಳು ಮೊದಲು ಮಧ್ಯದಲ್ಲಿ ಹುಡುಕಿತು. ಅಲ್ಲಿ ನಾನಿರಲಿಲ್ಲ. ಮೇಲೆ ಹೋಯಿತು, ಕೆಳಗೆ ಬಂತು. ನಾನೂ ಅವರಿಗೆ ಸಹಾಯವಾಗಲಿ ಎಂದು ಸ್ವಲ್ಪ ಅತ್ತಿತ್ತ ಸರಿದೆ. ಗೋಡೆಯ ಆಚೆ ಸಾಹೇಬರು ತಮ್ಮ ಸ್ಪೀಕರಿನ ಸ್ವರವನ್ನು ಒಂದು ಪಟ್ಟು ಏರಿಸಿದರು.

ಕಡೆಗೆ ಮೇಸ್ತ್ರಿ ತಿದಿಯಿಂದ ಕೈ ತೆಗೆದು, ಬಹಳ ಗೌರವದಿಂದ ನನ್ನನ್ನು ನೋಡಿದರು.

"ಯಜಮಾನ್ರ, ನಿಮ್ಮ ಸ್ವರ ಬಿಳಿ ಮನ್ಯಾಗೂ ಇಲ್ರಿ, ಕರಿ ಮನ್ಯಾಗೂ ಇಲ್ರಿ. ಎರಡರ ನಡುವಿನ ಸಂದ್ಯಾಗ ಐತಿ. ಗ್ವಾಡಿ ಆದ್ರ ಸಿಮೆಂಟ್ ತುಂಬಿ ಮುಚ್ಚತಿದ್ದೆ."

ಮಂದಿರದಲ್ಲಿ

ಶನಿವಾರ ಸಂಜೆ ನಮ್ಮ ಮಂದಿರದಲ್ಲಿ ವಾರ್ಷಿಕ ಭಜನೆಗೂ ಸೇರದಷ್ಟು ಜನ. ಮುಂದಿನ ಸಾಲಿನಲ್ಲಿ ಕಾಪುವಿನ ಬೀಗರ ಇಡೀ ಮನೆ. ಅವರ ಪಕ್ಕದಲ್ಲಿ ಕಾರ್ಕಳದ ಮಾವ, ಕೆಂಪು ಶಾಲು ಹೊದ್ದುಕೊಂಡು, ಯಾಕೆಂದರೆ ಶನಿವಾರಕ್ಕೆ ಕೆಂಪೇ ಒಳ್ಳೆಯದಂತೆ. ಹೆಂಗಸರ ಕಡೆ ನನ್ನ ಹೆಂಡತಿ, ಮಗಳು, ಬನ್ಸ್ ಹುಡುಗಿ. ಬಂದ್ ಇದ್ದ ದಿನವೂ ಅರ್ಧ ಬಾಗಿಲು ತೆರೆದಿಡುವ ಸಾಹೇಬರು ಅಂಗಡಿಗೆ ಪೂರ್ತಿ ಬೀಗ ಹಾಕಿ ಬಂದು ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು.

ದೇವರೇ, ನಿನಗೆ ಮೊದಲೇ ಗೊತ್ತಿದ್ದ ವಿಷಯ ಇವತ್ತು ಜನರಿಗೂ ಗೊತ್ತಾಗಲಿಕ್ಕುಂಟು ಎಂದು ನಮಸ್ಕಾರ ಮಾಡಿ ಕೂತೆ. ಸ್ವೆಟರ್ ಹಾಕಿರಲಿಲ್ಲ. ಹಾಕಬಹುದಿತ್ತು.

ನಮ್ಮ ಭಜನೆಯಲ್ಲಿ ಒಂದು ಕ್ರಮ ಉಂಟು. ಒಬ್ಬರು ಒಂದು ಸಾಲು ಹೇಳಿಕೊಡುತ್ತಾರೆ. ಅವರು ಹೇಗೆ ಹೇಳಿದರೋ ಹಾಗೆಯೇ ಉಳಿದವರೆಲ್ಲ ಹೇಳಬೇಕು. ಹೇಳಿಕೊಡುವವರನ್ನು ತಿದ್ದುವ ಹಾಗಿಲ್ಲ. ಅದು ದೇವರ ಎದುರಿನ ಶಿಸ್ತು. ಈ ಕ್ರಮವನ್ನು ಮಂಡಳಿಗೆ ಕಲಿಸಿದವರಲ್ಲಿ ನಾನೂ ಒಬ್ಬ.

ನಾನು ತಾಳ ಹಿಡಿದು ಮೊದಲ ಸಾಲು ಹಾಡಿದೆ. ಬೀಗರ ಮುಖದಲ್ಲಿ ಯುರೋಪು ಮುಳುಗಿಹೋಯಿತು. ಆಮೇಲೆ ಇಡೀ ಮಂಡಳಿ, ಗಂಡಸರು ಹೆಂಗಸರು ಎನ್ನದೆ, ನಾನು ಎಲ್ಲಿ ಜಾರಿದೆನೋ ಅಲ್ಲಿ ಜಾರಿ, ಎಲ್ಲಿ ಏರಬಾರದಿತ್ತೋ ಅಲ್ಲಿ ಏರಿ, ಎಲ್ಲಿ ಒಡೆದೆನೋ ಅಲ್ಲಿ ಸರಿಯಾಗಿ ಒಡೆದು, ಅದನ್ನು ಹಾಗೆಯೇ ಹಿಂದೆ ಹಾಡಿತು. ನನ್ನ ಸ್ವರವನ್ನು ಹೊರಗಿನಿಂದ ನಾನು ಕೇಳಿದ್ದು ಅದೇ ಮೊದಲು. ಸಾಹೇಬರು ಎಷ್ಟು ಸಹನೆಯ ಮನುಷ್ಯ ಎಂದು ಆಗ ಗೊತ್ತಾಯಿತು.

ಗಾಬರಿಯಲ್ಲಿ ಎರಡನೆಯ ಸಾಲನ್ನು ಬೇರೆಯೇ ತರದಲ್ಲಿ ಹಾಡಿದೆ. ಅವರು ಅದನ್ನೂ ಬಿಡಲಿಲ್ಲ. ಮೇಸ್ತ್ರಿ ಒಂದು ಸಾಲಿನವರೆಗೆ ನನ್ನನ್ನು ಬೆನ್ನಟ್ಟಿ, ಮತ್ತೆ ಹಾರ್ಮೋನಿಯಂ ಮುಚ್ಚಿ ಕೈ ಮುಗಿದು ಕೂತರು. ತಾಳ ಮಾತ್ರ ತಪ್ಪಲಿಲ್ಲ. ಆ ತಾಳ ಒಂದನ್ನು ಹಿಡಿದುಕೊಂಡು ಅಷ್ಟು ಜನ ಒಂದೇ ಮನಸ್ಸಿನಿಂದ, ಒಂದೇ ತಪ್ಪಿನಿಂದ, ಪದ ಮುಗಿಯುವವರೆಗೆ ನನ್ನ ಜೊತೆಗೆ ಬಂದರು. ಒಬ್ಬನೂ ನಗಲಿಲ್ಲ. ಕಡೆಯ ಸಾಲಿಗೆ ಬರುವಾಗ ನನ್ನ ಕಣ್ಣು ಒದ್ದೆಯಾಗಿತ್ತು. ನನ್ನ ಮಾಷ್ಟ್ರು ಹೇಳಿದ್ದು ದೇವರಿಗೆ ಅರ್ಥವಾಗುತ್ತದೆ ಎಂದು ಮಾತ್ರ. ನೆರೆಕರೆಯವರಿಗೂ ಅರ್ಥವಾಗುತ್ತದೆ ಎಂದು ಅವರು ಹೇಳಿರಲಿಲ್ಲ.

ಮಂಗಳಾರತಿಯಾಗಿ ಪಂಚಕಜ್ಜಾಯ ಹಂಚುವಾಗ ಬನ್ಸ್ ಹುಡುಗಿ ಎದ್ದಳು. ತಮ್ಮ ಸ್ಪರ್ಧೆಯಲ್ಲಿ ಹಾಡು ಮುಗಿದ ಮೇಲೆ ಅಂಕ ಕೊಡದೆ ಯಾರೂ ಮನೆಗೆ ಹೋಗುವ ಕ್ರಮವಿಲ್ಲ ಎಂದು ಒಬ್ಬೊಬ್ಬರನ್ನೇ ಕೇಳುತ್ತ ಬಂದಳು. ಮಂಡಳಿಯ ಹಿರಿಯರು ಹನ್ನೆರಡು ಎಂದರು. ವಾರ್ಷಿಕ ಭಜನೆಗೆ ನಮ್ಮ ಹೋಟೆಲಿನಿಂದಲೇ ಅವಲಕ್ಕಿ ಉಪ್ಪಿಟ್ಟು ಬರುವುದು ಅವರಿಗೆ ನೆನಪಿತ್ತು. ಬೀಗರು, ಸಂಬಂಧ ದೊಡ್ಡದು, ಹನ್ನೆರಡು ಎಂದರು. ಮಾವ ಹನ್ನೆರಡು. ಮೇಸ್ತ್ರಿ, "ಸಂದಿಗೊಂದು ಸೇರಿಸಿ ಹದಿಮೂರ್ ಬರಕೋರಿ" ಎಂದರು. ಹೊರಗಿನ ಕಟ್ಟೆಯಿಂದ ಸಾಹೇಬರು ಹನ್ನೆರಡು ಎಂದು ಕೈಯೆತ್ತಿದರು. ನಾಳೆಯಿಂದ ದೇವರ ನಾಮದ ಹೊತ್ತಿಗೆ ಸ್ಪೀಕರ್ ಹಾಕುವುದಿಲ್ಲ, ಇದನ್ನು ಕೇಳಿದ ಮೇಲೆ ಅದು ಕೂಗಿದರೂ ಸಪ್ಪೆ ಎಂದು ಸೇರಿಸಿದರು. ಹೆಂಡತಿ ಹೇಳಿದ ಮುಯ್ಯಿಯ ಲೆಕ್ಕ ಕಣ್ಣೆದುರೇ ನಡೆಯುತ್ತಿತ್ತು.

ಕಡೆಗೆ ಹುಡುಗಿ ನನ್ನ ಹೆಂಡತಿಯ ಮುಂದೆ ನಿಂತಳು.

"ಅಮ್ಮ, ನೀವು ಎಷ್ಟು?"

ಮಂದಿರವೆಲ್ಲ ಆ ಕಡೆ ತಿರುಗಿತು. ಹೆಂಡತಿ ಪಂಚಕಜ್ಜಾಯವನ್ನು ಕಣ್ಣಿಗೊತ್ತಿಕೊಂಡು ಸೆರಗು ಸರಿಮಾಡಿಕೊಂಡಳು.

"ನಾನು ಕೊಡುವ ಹಾಗಿಲ್ಲ ಮಗಾ. ಸ್ವಂತ ದೇಶಕ್ಕೆ ಅಂಕ ಇಲ್ಲ ಅಂತ ನಿಯಮ ಉಂಟಲ್ಲ."

ಆಮೇಲೆ ನನ್ನ ಕಡೆಗೆ ನೋಡಿ, ಬಹಳ ತೃಪ್ತಿಯಿಂದ ಹೇಳಿದಳು.

"ಅದರಲ್ಲಿ ಒಂದು ಧರ್ಮಸೂಕ್ಷ್ಮ ಉಂಟು ಅಂತ ನೀವು ಹೇಳಿದ್ದು ಈಗ ಗೊತ್ತಾಯಿತು. ಇಷ್ಟು ಜನರಲ್ಲಿ ದೇವರ ಎದುರು ಸುಳ್ಳು ಹೇಳುವುದು ನನಗೊಬ್ಬಳಿಗೆ ತಪ್ಪಿತು."